ಕಾಂಪೌಂಡರ್ ಹನುಮಂತರಾಯಪ್ಪನವರ ಫುಟ್‌ಬಾಲ್

ನಾವು ಆಡುತ್ತಿದ್ದಷ್ಟು ಕಾಲ ಹನುಮಂತರಾಯಪ್ಪ ನಮ್ಮ ಮುಖ ನೋಡಿ ಮಾತಾಡಿದ್ದು ನನಗೆ ನೆನಪಿಲ್ಲ. ಅವರ ಕಣ್ಣು ಸೀದಾ ಮಂಡಿಗೆ ಹೋಗುತ್ತಿತ್ತು. ಹಿಂದೂಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ದಿನವಿಡೀ ಎತ್ತು ಎಮ್ಮೆಗಳ ಕಾಲು ಹಿಡಿದು, ಸಂಜೆ ಫಿನಾಯಿಲ್ ವಾಸನೆಯೊಂದಿಗೆ ಮೈದಾನಕ್ಕೆ ಬಂದು, ನಮ್ಮನ್ನೂ ಅದೇ ಕಣ್ಣಲ್ಲಿ ಅಳೆಯುತ್ತಿದ್ದರು. ಮೊದಲ ದಿನ ನನ್ನನ್ನು ನೋಡಿ, "ಇದನ್ನ ಸಂತೆಗೆ ಹೊಡ್ಕಂಡು ಹೋದ್ರೂ ಯಾರೂ ಕೇಳಾಕಿಲ್ಲ. ಗೋಲ್‌ನಾಗೆ ನಿಲ್ಲಿಸ್ರಪ್ಪ, ಓಡೋ ಕೆಲ್ಸ ಇರಾಕಿಲ್ಲ" ಎಂದರು. ಹಾಗೆ ನಾನು ಗೋಲ್‌ಕೀಪರ್ ಆದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ. ಅವರ ಮೇಲೆ ನಮಗಿದ್ದ ತಾತ್ಸಾರವೂ ಕಡಿಮೆಯದಲ್ಲ. ಜನ್ಮದಲ್ಲಿ ಒಮ್ಮೆ ಚೆಂಡು ಒದ್ದವರಲ್ಲ, ನಮಗೆ ಆಟ ಕಲಿಸಲು ಬರುತ್ತಿದ್ದರು. ಬೆನ್ನ ಹಿಂದೆ ಎಮ್ಮೆ ಡಾಕ್ಟ್ರು ಎನ್ನುತ್ತಿದ್ದೆವು. ಆಮೇಲಾಮೇಲೆ ಎದುರಿಗೇ ಅನ್ನತೊಡಗಿದೆವು.

ಪ್ರತಿ ವರ್ಷದ ಮೊದಲ ಪಂದ್ಯ ಕಲ್ಯಾಣದುರ್ಗದ ತಂಡದ ಮೇಲೆ, ಅವರ ಊರಿನಲ್ಲೇ. ನಾನು ಆಡಲು ಶುರುಮಾಡಿದ ಮೇಲೆ ಅಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಆದರೂ ಆ ಪಂದ್ಯಕ್ಕೆ ಒಂದು ವಾರ ಇದೆ ಎನ್ನುವಾಗ ಹನುಮಂತರಾಯಪ್ಪನವರ ನಡಿಗೆಯೇ ಬದಲಾಗುತ್ತಿತ್ತು. ರಜೆ ಬರೆದುಕೊಟ್ಟು, ಬಿಳಿ ಅಂಗಿ ಇಸ್ತ್ರಿ ಮಾಡಿಸಿ, ಕಂಡವರಿಗೆಲ್ಲ "ಈ ಸಲ ಬಿಡಾಕಿಲ್ಲ, ನೋಡ್ತಿರ್ರಿ" ಎನ್ನುತ್ತಿದ್ದರು. ಸೋತು ಬಂದ ಮರುದಿನ ಮತ್ತೆ ಹಳೇ ಮನುಷ್ಯ: "ನಿಮ್ಗೆ ಹುಲ್ಲು ಹಾಕೋದೇ ದಂಡ."

ಆ ವರ್ಷ ಪರಿಗಿಯಿಂದ ನಾಗರಾಜ ಎಂಬ ಹುಡುಗ ನಮ್ಮ ತಂಡ ಸೇರಿದ. ಚೆಂಡು ಅವನ ಕಾಲಿಗೆ ಸಿಕ್ಕರೆ ಹಿಡಿಯುವವರಿರಲಿಲ್ಲ. ಹನುಮಂತರಾಯಪ್ಪ ಅವನ ಕಾಲನ್ನು ಒತ್ತಿ ನೋಡಿ, ಏನೂ ಬೈಯದೆ ಎದ್ದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾವು ಕೇಳಿರಲಿಲ್ಲ. ಈ ಸಲವಾದರೂ ಗೆಲ್ಲುತ್ತೇವೆಂದು ನಮಗೂ ಅನ್ನಿಸಿತು.

ಪಂದ್ಯಕ್ಕೆ ಎರಡು ದಿನ ಮುಂಚೆ ಅಭ್ಯಾಸದಲ್ಲಿ ನಾಗರಾಜನ ಮಂಡಿ ತಿರುಗಿತು. ಊದಿಕೊಂಡ ಮಂಡಿಯನ್ನು ಹನುಮಂತರಾಯಪ್ಪ ಬಹಳ ಹೊತ್ತು ಹಿಡಿದು ನೋಡಿದರು. "ಇವನು ಆಡಂಗಿಲ್ಲ. ಒಳಗೆ ನರ ಹರಿಯೋ ಹಂಗೈತೆ. ಇನ್ನೊಂದು ಸಲ ತಿರುಗಿದ್ರೆ ಜೀವಮಾನ ಕುಂಟ್ತಾನೆ."

ನಮ್ಮ ಕ್ಯಾಪ್ಟನ್ ರಾಮಕೃಷ್ಣ ನಕ್ಕುಬಿಟ್ಟ. "ಇದು ಮನುಷ್ಯನ ಕಾಲು ಸ್ವಾಮಿ, ನಿಮಗೆ ಗೊತ್ತಾಗಲ್ಲ." ನಾಗರಾಜನೂ ಆಡಿಯೇ ತೀರುತ್ತೇನೆಂದ. ಹನುಮಂತರಾಯಪ್ಪ ವಾದ ಮಾಡಲಿಲ್ಲ. "ಆಯ್ತು ಬಿಡು. ನಾಡಿದ್ದು ಬೆಳಿಗ್ಗೆ ಆಸ್ಪತ್ರೆ ತಾವ ಬಾ, ಗಟ್ಟಿಯಾಗಿ ಕಟ್ಟು ಕಟ್ತೀನಿ" ಎಂದರು.

ಪಂದ್ಯದ ದಿನ ಬಾಡಿಗೆ ವ್ಯಾನು ತೆಗೆದುಕೊಂಡು ಆಸ್ಪತ್ರೆಯ ಮುಂದೆ ನಿಂತೆವು. ನಾಗರಾಜ ಜಗಲಿಯ ಮೇಲೆ ಕೂತಿದ್ದ. ಪಾದದಿಂದ ತೊಡೆಯವರೆಗೆ ಕಾಲು ಸುಣ್ಣದ ಕಂಬದಂತೆ ಬೆಳ್ಳಗಿತ್ತು. ಮುರಿದ ಎತ್ತಿನ ಕಾಲಿಗೆ ಹಾಕುವ ಪಿಒಪಿ ಪ್ಲಾಸ್ಟರ್ ಹಾಕಿಬಿಟ್ಟಿದ್ದರು. "ಕಣ್ಮುಚ್ಕೋ, ತಣ್ಣಗಾಯ್ತದೆ ಅಂದ್ರು" ಎಂದು ನಾಗರಾಜ ಅಳುತ್ತಿದ್ದ.

"ಏಂ ಪನಿ ಚೇಸಾವಯ್ಯಾ ನುವ್ವು?" ಎಂಥ ಕೆಲಸ ಮಾಡಿದೆಯಯ್ಯಾ ಎಂದು ತೆಲುಗಿನಲ್ಲಿ ಕೂಗುತ್ತ ರಾಮಕೃಷ್ಣ ಅವರ ಅಂಗಿ ಹಿಡಿದ.

"ಸರಿಯಾದ್ ಕೆಲ್ಸಾನೇ ಮಾಡೀನಿ. ಅಂಗಿ ಬಿಡು, ಇಸ್ತ್ರಿ ಮುದುರ್ತದೆ" ಎಂದವರು ಕೈ ತೊಳೆದುಕೊಂಡು ವ್ಯಾನಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಸೋಮಂದೇಪಲ್ಲಿ ದಾಟಿ, ಕಲ್ಯಾಣದುರ್ಗ ಮುಟ್ಟುವವರೆಗೂ ಯಾರೂ ಅವರೊಂದಿಗೆ ಮಾತಾಡಲಿಲ್ಲ. ಆಟ ಶುರುವಾದ ಮೇಲೆ ಮಾತ್ರ ಗೆರೆಯ ಪಕ್ಕದಲ್ಲಿ ಓಡಾಡುತ್ತ, ಇನ್ನೂ ಗೆಲ್ಲಬಹುದೆಂಬಂತೆ ನಮ್ಮನ್ನು ಬೈಯುತ್ತಿದ್ದರು. ನಾಲ್ಕು ಗೋಲಿನಿಂದ ಸೋತೆವು.

ಹೊರಡುವಾಗ ಅವರು ಅಂಗಡಿಯಲ್ಲಿ ನೀರು ಕುಡಿಯುತ್ತಿದ್ದರು. ವ್ಯಾನಿನತ್ತ ಬರುವುದು ನನಗೆ ಕಾಣಿಸುತ್ತಿತ್ತು. ಆದರೂ ಡ್ರೈವರಿಗೆ "ಎಲ್ಲಾ ಬಂದವ್ರೆ, ನಡಿಯಣ್ಣ" ಎಂದವನು ನಾನೇ. ಅವರು ಕೂಗಲಿಲ್ಲ, ಓಡಿ ಬರಲೂ ಇಲ್ಲ. ಲೋಟ ಹಿಡಿದು ನಿಂತಿದ್ದರು. ವ್ಯಾನಿನೊಳಗೆ ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಂದಿನಿಂದ ಅವರು ಮೈದಾನಕ್ಕೆ ಬರಲಿಲ್ಲ. ಪ್ಲಾಸ್ಟರ್ ಒಡೆಸಲು ದೊಡ್ಡಾಸ್ಪತ್ರೆಗೆ ಹೋದ ನಾಗರಾಜನಿಗೆ ಅಲ್ಲಿನ ಡಾಕ್ಟರು, ಆಡಿದ್ದರೆ ಕಾಲು ಹೋಗುತ್ತಿತ್ತು ಎಂದು ಹೇಳಿ ಕಳಿಸಿದರು. ಆ ಸುದ್ದಿಯನ್ನು ಹನುಮಂತರಾಯಪ್ಪನವರಿಗೆ ಮುಟ್ಟಿಸುವ ಮನಸ್ಸು ನಮ್ಮಲ್ಲಿ ಯಾರಿಗೂ ಬರಲಿಲ್ಲ. ಎರಡು ವರ್ಷದ ಮೇಲೆ ಅವರಿಗೆ ಕಲ್ಯಾಣದುರ್ಗಕ್ಕೇ ವರ್ಗವಾಯಿತು. ರಿಟೈರ್ ಆಗಿ ಅಲ್ಲೇ ಉಳಿದರು.

ಅವರು ತೀರಿಕೊಳ್ಳುವ ಹಿಂದಿನ ವರ್ಷ ಹುಡುಕಿಕೊಂಡು ಹೋಗಿದ್ದೆ. ವ್ಯಾನಿನ ಸಂಗತಿ ಹೇಳಿಕೊಳ್ಳಬೇಕೆಂದೇ ಹೋದವನು ಕಾಫಿ ಕುಡಿದು ಮುಗಿಸಿದರೂ ಹೇಳಲಿಲ್ಲ. ಅವರೇ ಕೇಳಿದರು:

"ಆ ಪರಿಗಿ ಹುಡುಗ ಏನ್ ಮಾಡ್ತಾನೆ?"

"ಪೊಲೀಸ್ ಆಗವ್ನೆ. ಓಟದಾಗೆ ಫಸ್ಟ್ ಬಂದು ಸೆಲೆಕ್ಟ್ ಆದ."

ಅವರು ತಮ್ಮ ಲೋಟ ಕೆಳಗಿಟ್ಟರು. ಆಮೇಲೆ ಮೊದಲ ಬಾರಿಗೆ ನನ್ನ ಮುಖವನ್ನೇ ನೋಡುತ್ತ ಹೇಳಿದರು:

"ಒಳ್ಳೇದಾಯ್ತು. ಫುಟ್‌ಬಾಲ್ ಅಂತೂ ಅವನಿಗೆ ಬರ್ತಿರ್ಲಿಲ್ಲ ಕಣ್ಲಾ."