ಒಂದು ಕಾರ್ಡಿಗೆ ಒಬ್ಬರೇ ಯಜಮಾನಿ

ಮೂರು ವರ್ಷದ ಹಿಂದೆ, ನನಗೆ ಅರವತ್ತೆಂಟು ಆಗಿದ್ದಾಗಿನ ಮಾತು. ಮನೆ ಯಜಮಾನಿಗೆ ತಿಂಗಳು ತಿಂಗಳು ದುಡ್ಡು ಕೊಡುತ್ತೇವೆಂದು ಸರ್ಕಾರ ಬಜೆಟ್ಟಿನಲ್ಲಿ ಹೇಳಿತ್ತು. ಚಾಮರಾಜಪೇಟೆಯ ಕೇಂದ್ರದಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದ ಹೆಂಗಸು ತಲೆಯನ್ನೇ ಎತ್ತುತ್ತಿರಲಿಲ್ಲ. ಪೆನ್ನಿನ ತುದಿಯಿಂದ ಕನ್ನಡಕ ಮೇಲೆ ತಳ್ಳಿ, "ಒಂದು ರೇಷನ್ ಕಾರ್ಡಿಗೆ ಒಬ್ಬರೇ ಯಜಮಾನಿ," ಎಂದು ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು.

ನಾನೂ ಸೊಸೆಯೂ ಒಟ್ಟಿಗೇ ಹೋದೆವು.

"ಮನೆ ನಡೆಸೋಳು ನಾನು, ಅತ್ತೆ," ಎಂದಳು ಸೊಸೆ.

"ಮನೆ ನಂದು ಕಣೇ," ಎಂದೆ.

ಆ ಹೆಂಗಸು ಆಗ ತಲೆ ಎತ್ತಿದಳು. ಕಾರ್ಡನ್ನು ನಮ್ಮಿಬ್ಬರ ನಡುವೆ ಇಟ್ಟು, "ಅಜ್ಜಿ, ನಮ್ಮನೇಲೂ ಇದೇ ಜಗಳ. ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ," ಎಂದು ಮುಂದಿನವರನ್ನು ಕರೆದಳು.

ಮರುದಿನ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋಗಿದ್ದಾಗ ಕಾರ್ಡು ಎತ್ತಿಕೊಂಡು ಹೊರಟೆ. ಕೇಂದ್ರದ ಬಾಗಿಲು ತೆಗೆಯುವಾಗ ಸಾಲಿನಲ್ಲಿ ನಾನೇ ಮೊದಲಿದ್ದೆ.