ಒಂದು ಕಡೆಯಿಂದ ಮಾತ್ರ ಕಾಣುತ್ತಿದ್ದ ಬಾಗಿಲು

ನಾನು ಮನೆ ಪ್ಲಾನು ಬರೆಯುವುದನ್ನು ಕಲಿತದ್ದು ಕೈಯಲ್ಲಿ. ಸಿವಿಲ್ ಡಿಪ್ಲೊಮಾ ಮುಗಿಸಿ ಮದ್ದೂರಿನಲ್ಲಿ ಒಬ್ಬ ಎಂಜಿನಿಯರ್ ಹತ್ತಿರ ಸೇರಿಕೊಂಡಾಗ ಟ್ರೇಸಿಂಗ್ ಹಾಳೆ, ಸ್ಕೇಲು, ಮಸಿ ಪೆನ್ನು ಇಷ್ಟೇ ನನ್ನ ಸಾಮಾನು. ಮದುವೆ, ಮಕ್ಕಳು ಎಂದು ಹದಿನಾಲ್ಕು ವರ್ಷ ಬಿಟ್ಟಿದ್ದು, ಮತ್ತೆ ಮಂಡ್ಯದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಶುರು ಮಾಡುವ ಹೊತ್ತಿಗೆ ಎಲ್ಲ ಕಂಪ್ಯೂಟರಿಗೆ ಬಂದಿತ್ತು. ಮನೆ ವಿನ್ಯಾಸದ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡು ವಿಡಿಯೊ ನೋಡಿ ಕಲಿತೆ. ಕಲಿತೆ ಅಂದುಕೊಂಡಿದ್ದೆ ಅನ್ನುವುದು ಸರಿ.

ಕೆರಗೋಡಿನ ಆಚೆಯ ಹಳ್ಳಿಯೊಂದರಿಂದ ಇಬ್ಬರು ಹೆಂಗಸರು ಬಂದದ್ದು ಹೋದ ವರ್ಷ. ವಾರಗಿತ್ತಿಯರು. ದೊಡ್ಡವರು ಅಂಗನವಾಡಿ ಕಾರ್ಯಕರ್ತೆ, ಚಿಕ್ಕವರು ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರು. ಇವರ ಗಂಡಂದಿರಾದ ಅಣ್ಣ ತಮ್ಮ ಇಪ್ಪತ್ತು ವರ್ಷದ ಹಿಂದೆ ಜಗಳವಾಡಿ ಮನೆಯ ನಡುವೆ ಗೋಡೆ ಎಬ್ಬಿಸಿ ಪಾಲಾಗಿದ್ದರಂತೆ. ಈಗ ಇಬ್ಬರೂ ತೀರಿಕೊಂಡಿದ್ದಾರೆ. ಗೋಡೆ ಉಳಿದಿದೆ.

"ಅದ್ಕೊಂದು ಬಾಗ್ಲು ಮಡಗ್ಬೇಕು ಕಣವ್ವ" ಎಂದರು ದೊಡ್ಡವರು. "ಮೊನ್ನೆ ಇವ್ಳು ಬಚ್ಚಲ್ಮನೇಲಿ ಜಾರಿ ಬಿದ್ದು ಒಂದ್ ಗಂಟೆ ಕೂಗ್ಕಂಡವ್ಳೆ. ನಾನು ಗ್ವಾಡೆ ಪಕ್ದಲ್ಲೇ ಕುಂತು ಅಕ್ಕಿ ಆರುಸ್ತಿದ್ದೆ. ನಂಗೆ ಒಂದ್ ಸದ್ದೂ ಕೇಳುಸ್ನಿಲ್ಲ."

"ಕೇಳುಸ್ತು, ಬೇಕಂತ್ಲೆ ಬರ್ನಿಲ್ಲ ಅಂತ ನಾನಂದ್ಕಂಡಿದ್ದೆ" ಎಂದು ಚಿಕ್ಕವರು ತಲೆ ತಗ್ಗಿಸಿ ನಕ್ಕರು.

ಬಸ್ಸಿನಲ್ಲಿ ಹೋಗಿ ಅಳತೆ ತೆಗೆದುಕೊಂಡು ಬಂದೆ. ನಾಡಹೆಂಚಿನ ಹಳೆಯ ಮನೆ, ಹೊರಗೋಡೆಗಳು ಒಂದೂವರೆ ಅಡಿ ದಪ್ಪದ ಮಣ್ಣಿನವು. ದೊಡ್ಡವರ ಕಡೆ ಒಳಗೆ ಅಳೆದೆ, ಬೀದಿಗೆ ಬಂದು ಸುತ್ತಿಕೊಂಡು ಹೋಗಿ ಚಿಕ್ಕವರ ಕಡೆ ಅಳೆದೆ, ಆಮೇಲೆ ಮನೆಯ ಮುಂಭಾಗದ ಉದ್ದ. ನಡುಗೋಡೆಯ ದಪ್ಪವನ್ನು ಅಳೆಯಲು ಅದರಲ್ಲಿ ಒಂದು ಕಿಂಡಿಯೂ ಇರಲಿಲ್ಲ. ಇಟ್ಟಿಗೆ ಗೋಡೆ ಎಂದರು, ಒಂಬತ್ತು ಇಂಚು ಎಂದು ಬರೆದುಕೊಂಡೆ.

ಮನೆಗೆ ಬಂದು ಎರಡು ಪಾಲನ್ನೂ ಬೇರೆ ಬೇರೆಯಾಗಿ ಎಳೆದು, ಮಧ್ಯದಲ್ಲಿ ಕೂಡಿಸಿ, ನಡುಗೋಡೆಗೆ ಬಾಗಿಲು ಇಟ್ಟೆ. ತ್ರೀಡಿ ನೋಟಕ್ಕೆ ಹೋದರೆ ದೊಡ್ಡವರ ಕಡೆಯಿಂದ ಚೆಂದದ ಬಾಗಿಲು. ಚಿಕ್ಕವರ ಕಡೆಗೆ ತಿರುಗಿಸಿದರೆ ಬರೀ ಗೋಡೆ.

ಎರಡು ಸಲ ಅಳಿಸಿ ಇಟ್ಟೆ. ಬಾಗಿಲು ತೆಗೆದು ಖಾಲಿ ಕಿಂಡಿ ಇಟ್ಟು ನೋಡಿದೆ. ಆ ಕಿಂಡಿಯೊಳಗೂ ಗೋಡೆಯೇ ಕಾಣಿಸಿತು. ಸಾಫ್ಟ್‌ವೇರ್ ಮುಚ್ಚಿ ತೆರೆದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ, ಅಪ್‌ಡೇಟ್ ಹಾಕಿದೆ. ಅಪ್‌ಡೇಟ್ ಆದಮೇಲೆ ಬಾಗಿಲು ಚಿಕ್ಕವರ ಕಡೆ ಬಂದು ದೊಡ್ಡವರ ಕಡೆ ಮಾಯವಾಯಿತು. ಯಾಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಎರಡು ಪಾಲನ್ನೂ ಬೇರೆಯಾಗಿ ಎಳೆದಿದ್ದರಿಂದ ಒಂದೇ ಜಾಗದಲ್ಲಿ ಎರಡು ಗೋಡೆ ಒಂದರ ಮೇಲೊಂದು ಕೂತಿವೆ, ಬಾಗಿಲು ಒಂದನ್ನು ಮಾತ್ರ ಕೊರೆಯುತ್ತಿದೆ ಎಂದು ಹೊಳೆಯಲು ಒಂದು ದಿನ ಹಿಡಿಯಿತು. ಒಂದು ಗೋಡೆ ಅಳಿಸಿದೆ. ಅಳಿಸಿದ ಕೂಡಲೇ ಚಿಕ್ಕವರ ನಡುಮನೆಯ ನೆಲವೇ ಮಾಯ. ಮೂಲೆ ಕೂಡದಿದ್ದರೆ ಅದನ್ನು ಕೋಣೆ ಎಂದೇ ಆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಮೂಲೆಗಳನ್ನು ಎಳೆದು ಕೂಡಿಸಲು ಹೋದಾಗ ಇನ್ನೊಂದು ಕಾಣಿಸಿತು: ಎಲ್ಲ ಕೂಡಿದರೂ ಮನೆಯ ಉದ್ದ ನಾನು ಹೊರಗೆ ಅಳೆದಿದ್ದಕ್ಕಿಂತ ಎರಡಡಿ ಕಡಿಮೆ.

ಸಾಫ್ಟ್‌ವೇರಿನದೇ ತಪ್ಪು ಎಂದುಕೊಂಡೆ. ಹುಡುಕುತ್ತಾ ಹೋದರೆ ಸಿಕ್ಕಿದ್ದು ನನ್ನ ತಪ್ಪು. ಇಪ್ಪತ್ತಡಿ ಆರಿಂಚನ್ನು ನಾನು ಇಪ್ಪತ್ತು ಚುಕ್ಕಿ ಆರು ಎಂದು ಹೊಡೆದಿದ್ದೆ. ಸಾಫ್ಟ್‌ವೇರಿಗೆ ಹಾಗೆಂದರೆ ಅಡಿಯ ಹತ್ತರಲ್ಲಿ ಆರು ಪಾಲು, ಅಂದರೆ ಇಪ್ಪತ್ತಡಿ ಏಳಿಂಚಿಗೂ ತುಸು ಜಾಸ್ತಿ. ಇನ್ನೊಂದು ಕಡೆಯ ಹತ್ತೊಂಬತ್ತಡಿ ಆರಿಂಚಿಗೂ ಹಾಗೇ ಮಾಡಿದ್ದೆ. ಕಳ್ಳ ಸಿಕ್ಕಿದ ಎಂದು ಖುಷಿಯಿಂದ ಎರಡನ್ನೂ ತಿದ್ದಿದೆ. ಎರಡಡಿ ಇದ್ದ ಕೊರತೆ ಎರಡೂಕಾಲು ಅಡಿ ಆಯಿತು! ತಪ್ಪನ್ನು ತಿದ್ದಿದರೆ ತಪ್ಪು ದೊಡ್ಡದಾಗುವುದು ಹೇಗೆ ಎಂದು ಪರದೆಯನ್ನು ನೋಡುತ್ತಾ ಕೂತೆ. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಅಷ್ಟರಲ್ಲಿ ವಾರಗಿತ್ತಿಯರಿಬ್ಬರೂ ಬಂದುಬಿಟ್ಟರು. ಇನ್ನೂ ಮುಗಿದಿಲ್ಲ ಎಂದರೂ ಕೇಳದೆ ಲ್ಯಾಪ್‌ಟಾಪಿನ ಮುಂದೆ ಕೂತರು. ತೋರಿಸಿದೆ. ಚಿಕ್ಕವರು ತಮ್ಮ ಕಡೆಯ ನೋಟ ನೋಡಿದವರೇ ಮುಖ ಬಿಗಿದುಕೊಂಡರು. ಮಾಯವಾದ ನೆಲ ಬರಲೆಂದು ಅಳಿಸಿದ್ದ ಗೋಡೆಯನ್ನೇ ನಾನು ಮತ್ತೆ ಹಾಕಿದ್ದರಿಂದ ಬಾಗಿಲು ಮತ್ತೆ ದೊಡ್ಡವರ ಕಡೆ ಸೇರಿತ್ತು.

"ಇದೇನ್ರವ್ವ, ಅಕ್ಕನ ಕಡಿಂದ ಬಾಗ್ಲು, ನನ್ ಕಡಿಂದ ಗ್ವಾಡೆ? ಅವ್ರು ಬೇಕಾದಾಗ ಬರೋದು, ನಾನು ಓಗಂಗಿಲ್ವಾ?"

"ಅಯ್ಯೋ, ಇದು ಸಾಫ್ಟ್‌ವೇರಿನ ತೊಂದರೆ ಅಮ್ಮ" ಎಂದೆ.

"ಅದ್ಯಾರ್ಗೋ ತೊಂದ್ರೆ ಆದ್ರೆ ನಮ್ಮನೇಲಿ ಯಾಕ್ ತೋರುಸ್ತದೆ?"

"ಸುಮ್ಕಿರಮ್ಮಿ. ಮಿಸೀನು ಎಂಗ್ ತೋರುಸುದ್ರೆ ಏನು, ಗಾರೆಯೋನು ಒಡ್ದಾಗ ಎರಡ್ ಕಡಿಂದ್ಲೂ ಒಡೀತಾನೆ" ಎಂದು ದೊಡ್ಡವರು ಸಮಾಧಾನ ಮಾಡಿದರು. ಚಿಕ್ಕವರು ಕಾಫಿ ಕುಡಿಯದೆ ಎದ್ದರು. ಬಸ್‌ಸ್ಟ್ಯಾಂಡಿನ ಕಡೆ ಇಬ್ಬರೂ ಬೇರೆ ಬೇರೆಯಾಗಿ ನಡೆದುಹೋಗುವುದನ್ನು ನೋಡಿ, ಕೂಡಬೇಕೆಂದು ಬಂದವರನ್ನು ನಾನೇ ಮತ್ತೊಮ್ಮೆ ಪಾಲು ಮಾಡಿದೆನೇನೋ ಎನ್ನಿಸಿತು.

ಮದ್ದೂರಿನ ಹಳೆಯ ಎಂಜಿನಿಯರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ. "ನಡುಗೋಡೆ ದಪ್ಪ ನೀನು ಅಳತೆ ಮಾಡಿದ್ಯೇನಮ್ಮ, ಕೇಳಿ ಬರ್ಕೊಂಡ್ಯಾ?"

ನನಗೆ ಸಿಟ್ಟು ಬಂತು. ಇಟ್ಟಿಗೆ ಗೋಡೆ ಮೂರಡಿ ದಪ್ಪ ಇರುತ್ತದೆಯೇ ಎಂದೆ.

"ನಂಗೇನ್ ಗೊತ್ತು. ಮನೆ ನೋಡಿರೋಳು ನೀನು" ಎಂದು ಫೋನ್ ಇಟ್ಟರು.

ಎರಡು ದಿನ ಬಿಟ್ಟು ಮತ್ತೆ ಹೋದೆ. ಬಟ್ಟೆಯ ಟೇಪು ಹಿಗ್ಗಿರಬಹುದೆಂದು ಉಕ್ಕಿನ ಟೇಪು ಒಯ್ದಿದ್ದೆ. ಅಳತೆ ಒಂದಿಂಚೂ ಬದಲಾಗಲಿಲ್ಲ. ಹೊರಗೆ ನಲವತ್ತಾರು ಅಡಿ, ಒಳಗಿನದೆಲ್ಲ ಕೂಡಿದರೆ ಅಷ್ಟು ಬರುತ್ತಿಲ್ಲ. ಮನೆ ಹೊರಗಡೆಗಿಂತ ಒಳಗಡೆ ಚಿಕ್ಕದಾಗಿರುವುದಕ್ಕೆ ಏನು ಹೇಳುವುದು? ಅಟ್ಟ ಹತ್ತಿ ನೋಡುತ್ತೇನೆ, ಏಣಿ ಕೊಡಿ ಎಂದೆ. ಇಬ್ಬರೂ ಹಿಡಿದುಕೊಂಡರು. ದೊಡ್ಡವರು ಒಂದು ಕಾಲು, ಚಿಕ್ಕವರು ಒಂದು ಕಾಲು, ಒಬ್ಬರ ಮುಖ ಒಬ್ಬರು ನೋಡದೆ.

ಅಟ್ಟದ ಮೇಲೆ ಹೆಂಚಿನ ಸಂದಿಯಿಂದ ಬೆಳಕು ಬೀಳುತ್ತಿತ್ತು. ಜೇಡರ ಬಲೆ ಸರಿಸಿ ಗೋಡೆಯ ನೆತ್ತಿಗೆ ಫೋನಿನ ಬೆಳಕು ಹಿಡಿದೆ. ಒಂದು ಇಟ್ಟಿಗೆ ಗೋಡೆ. ಅದರಾಚೆ ಕಪ್ಪಗೆ ಒಂದೂವರೆ ಅಡಿ ಖಾಲಿ. ಅದರಾಚೆ ಇನ್ನೊಂದು ಇಟ್ಟಿಗೆ ಗೋಡೆ. ನಡುಗೋಡೆ ಒಂದಲ್ಲ, ಎರಡು.

ನಾನು ಹೇಳಿದ್ದನ್ನು ಮೊದಲು ಇಬ್ಬರೂ ನಂಬಲಿಲ್ಲ. ಐವತ್ತು ದಾಟಿದ ದೊಡ್ಡವರು ಸೆರಗು ಸಿಕ್ಕಿಸಿ ತಾವೇ ಏಣಿ ಹತ್ತಿ ಇಣುಕಿದರು. ಇಳಿದು ಬಂದು ಜಗಲಿಯ ಮೇಲೆ ಕೂತರು.

"ನಮ್ಮೋರು ಒಂದ್ ಕಟ್ಸುದ್ರು, ಅದ ನಾನು ಕಂಡಿವ್ನಿ. ಆಮ್ಯಾಕೆ ಆ ಕಡೆ ಒಂದ್ ವಾರ ಗಾರೆ ಕೆಲ್ಸದ ಸದ್ದು ಬತ್ತಿತ್ತು. ಮೈದ ಗ್ವಾಡೆ ಮೆತ್ತುಸ್ತವ್ನೆ ಅಂದ್ಕಂಡಿದ್ದೆ."

"ನಾನು ಬಾಣಂತನಕ್ಕೆ ಮಳವಳ್ಳಿ ಕಡೆ ಅಮ್ಮನ ಮನೇಲಿದ್ದೆ" ಎಂದರು ಚಿಕ್ಕವರು. "ಬರೋವತ್ಗೆ ಗ್ವಾಡೆ ಇತ್ತು. ಅದೇ ಭಾವನ ಗ್ವಾಡೆ ಅಂದ್ಕಂಡೆ. ಅಣ್ಣನ ಗ್ವಾಡೇಗೆ ಒಂದ್ ಮೊಳೆ ಒಡಿಯಾಕೂ ನಮ್ಮೋರ್ಗೆ ಮನ್ಸಿರ್ನಿಲ್ವೇನೋ. ಇಪ್ಪತ್ತೊರ್ಸ ಬಾಳಾಟ ಮಾಡಿದೀನಿ, ಒಂದ್ ದಿನಾನೂ ಏಳ್ನಿಲ್ಲವಲ್ಲಕ್ಕ."

"ಒಂದೂವರೆ ಅಡಿ ಯಾಕೆ ಬುಟ್ಟ?"

"ನಂಗೇನ್ ಗೊತ್ತಕ್ಕ."

ಕೇಳೋಣವೆಂದರೆ ಅಣ್ಣ ತಮ್ಮ ಇಬ್ಬರಲ್ಲಿ ಒಬ್ಬರೂ ಇಲ್ಲ. ಆಮೇಲೆ ದೊಡ್ಡವರು, "ಅದುಕ್ಕೆ ಕಣೆ ನೀ ಕೂಗಿದ್ದು ಕೇಳುಸ್ನಿಲ್ಲ" ಎಂದರು. ಚಿಕ್ಕವರು ಸೆರಗಿನಿಂದ ಮೂಗು ಒರೆಸಿಕೊಂಡು, "ಊಂ ಕಣಕ್ಕ" ಎಂದರು.

ಮಾಡಿನ ತೊಲೆಗಳು ಎರಡು ಗೋಡೆಗಳ ಮೇಲೂ ಕೂತಿದ್ದವು, ಹಾಗಾಗಿ ಯಾವುದನ್ನೂ ಪೂರ್ತಿ ಒಡೆಯುವಂತಿರಲಿಲ್ಲ. ಎದುರುಬದುರು ಎರಡು ಕಿಂಡಿ ಕೊರೆದು ಮೇಲೆ ಕಲ್ಲುಚಪ್ಪಡಿ ಕೊಡುವುದೆಂದು ಎಂಜಿನಿಯರ್ ಹೇಳಿದರು. ನಾನು ಫೈಲು ಬಿಸಾಕಿ ಹೊಸದಾಗಿ ಎಳೆದೆ. ಈ ಸಲ ಎರಡು ಗೋಡೆ, ನಡುವೆ ಜಾಗ. ಉದ್ದ ಸರಿಯಾಗಿ ನಲವತ್ತಾರು ಅಡಿ ಬಂತು. ಆದರೆ ಅಷ್ಟು ಕಿರಿದಾದ ಜಾಗವನ್ನು ಸಾಫ್ಟ್‌ವೇರ್ ಕೋಣೆ ಎನ್ನಲಿಲ್ಲ. ತ್ರೀಡಿಯಲ್ಲಿ ಎರಡು ಬಾಗಿಲ ನಡುವೆ ನೆಲವಿಲ್ಲದ ಒಂದು ಕಪ್ಪು ಹಳ್ಳ ಕಾಣಿಸಿತು. ಅದನ್ನು ಮತ್ತೆ ಚಿಕ್ಕವರಿಗೆ ತೋರಿಸುವ ಧೈರ್ಯ ನನಗಿರಲಿಲ್ಲ. ಅದರಲ್ಲೇ ಇದ್ದ ಪೀಠೋಪಕರಣಗಳ ಪಟ್ಟಿಯಿಂದ ಒಂದು ಮೇಜು ತಂದು, ಕಾಲು ತೆಗೆದು, ಹಿಗ್ಗಿಸಿ, ನೆಲದ ಬಣ್ಣ ಬಳಿದು ಹಳ್ಳದ ಮೇಲೆ ಮುಚ್ಚಿದೆ. ನೋಡುವವರಿಗೆ ನೆಲ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಅದು ಇನ್ನೂ ಮೇಜೇ.

ತೋರಿಸಲು ಹೋದಾಗ ಚಿಕ್ಕವರು ಪರದೆಯ ಮೇಲೆ ಬೆರಳಿಟ್ಟು ಕೇಳಿದರು. "ಈ ಒಂದೂವರೆ ಅಡಿ ಯಾರ್ ಪಾಲ್ಗೆ ಬತ್ತದೆ?"

ನಾನು ದೊಡ್ಡವರ ಮುಖ ನೋಡಿದೆ.

"ಯಾರ್ ಪಾಲ್ಗೂ ಇಲ್ಲ. ದಾರಿ ಅಂತ ಬರ್ದುಬುಡವ್ವ" ಎಂದರು ಅವರು. ಟೈಪು ಮಾಡಿದರೆ ಕನ್ನಡದ ಅಕ್ಷರಗಳ ಬದಲು ಚೌಕಗಳು ಬಂದವು. ಕೊನೆಗೆ ಪ್ರಿಂಟು ತೆಗೆದು ಪೆನ್ನಿನಲ್ಲಿ ಬರೆದುಕೊಟ್ಟೆ.

ಗಾರೆಯವರು ಕೊರೆದರು. ಒಳಗೆ ಇಟ್ಟಿಗೆ ಚೂರು, ಹೆಗ್ಗಣದ ಮಣ್ಣು ಬಿಟ್ಟರೆ ಏನೂ ಸಿಗಲಿಲ್ಲವಂತೆ. ನಾಲ್ಕು ತಿಂಗಳ ಮೇಲೆ ಆ ಕಡೆ ಬೇರೆ ಕೆಲಸಕ್ಕೆ ಹೋದವಳು ಬಸ್ಸಿಳಿದು ಅವರ ಮನೆಗೂ ಹೋಗಿ ನೋಡಿದೆ. ಬಾಗಿಲುಗಳ ನಡುವಿನ ದಾರಿಯ ಇಕ್ಕೆಲದಲ್ಲೂ, ಗೋಡೆಗಳ ಸಂದಿಯೊಳಗೆ ಹಲಗೆ ಹೊಡೆದು ರಾಗಿ ಡಬ್ಬ, ಹಾಲಿನ ಕ್ಯಾನು ಜೋಡಿಸಿದ್ದರು. ಒಂದೇ ಅಡುಗೆಮನೆಗೆ ಬಂದಿರುತ್ತಾರೆ ಅಂದುಕೊಂಡಿದ್ದೆ. ಎರಡು ಕಡೆಯೂ ಒಲೆ ಉರಿಯುತ್ತಿತ್ತು.

"ರಾತ್ರಿ ಇಬ್ರೂ ಒಂದೇ ಕಡೆ ಮನಿಕತೀವಿ" ಎಂದರು ಚಿಕ್ಕವರು. "ಅಡ್ಗೆ ಮಾತ್ರ ಬ್ಯಾರೆ. ಅಕ್ಕನ ಉಪ್ಪು ನಂಗಾಗಕ್ಕಿಲ್ಲ."

"ಇವ್ಳ ಖಾರ ಯಾರ್ಗಾದದು?" ಎಂದು ಆಚೆಯಿಂದ ದೊಡ್ಡವರು ಕೂಗಿದರು. ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ನಾನು ಬೆಚ್ಚಿ ತಿರುಗಿದೆ. ಅವರು ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಹಿಡಿದು ದಾರಿಯಲ್ಲೇ ನಿಂತಿದ್ದರು. ಚಿಕ್ಕವರೂ ಒಂದು ತಟ್ಟೆ ತಂದರು. ಯಾರದನ್ನು ಮೊದಲು ಉಣ್ಣಬೇಕೆಂದು ತಿಳಿಯದೆ ನಾನು ಕೈ ತೊಳೆದುಕೊಂಡು ನಡುವೆ ಕೂತೆ.