ಎರಡು ಮನೆಯ ಬೀಸುವ ಕಲ್ಲು

ಆ ಶನಿವಾರ ಮಧ್ಯಾಹ್ನ ನಾನು ಬೇಲೂರಿನಲ್ಲಿದ್ದೆ. ಹಳೇಬೀಡಿನ ನನ್ನ ಶೆಡ್ಡಿನಲ್ಲಿ ಬಳಪದ ಕಲ್ಲಿನಿಂದ ಪುಟ್ಟ ಆನೆ, ನಂದಿ, ಕನ್ನಡಿ ಹಿಡಿದ ಹೆಂಗಸರನ್ನು ಕೆತ್ತುತ್ತೇನೆ. ಹದಿನೈದು ದಿನಕ್ಕೊಮ್ಮೆ ಅವನ್ನು ಹುಲ್ಲಿನಲ್ಲಿ ಸುತ್ತಿ ದೇವಸ್ಥಾನದ ಎದುರಿನ ಒಂದು ಅಂಗಡಿಗೆ ಕೊಟ್ಟುಬರುವುದು ರೂಢಿ. ಅಂಗಡಿಯ ಟಿ.ವಿ.ಯಲ್ಲಿ ಎಲ್ಲಿಯದೋ ಒಂದು ಗುಡಿ ಧೂಳಾಗಿ ಕೂತಿತ್ತು. ಇಟ್ಟಿಗೆ, ಮುರಿದ ತೊಲೆಗಳ ನಡುವೆ ಒಂದು ಕಲ್ಲಿನ ಸಿಂಹ ಮಾತ್ರ ಮೊದಲಿನಂತೆಯೇ ಬಾಯಿ ತೆರೆದುಕೊಂಡು ಕೂತಿತ್ತು. ಕೆತ್ತನೆ ಚೆನ್ನಾಗಿದೆ ಅಂದುಕೊಂಡೆ. ನೇಪಾಳ, ಭೂಕಂಪ ಅನ್ನುವ ಮಾತು ಕಿವಿಗೆ ಬಿದ್ದದ್ದು ಆಮೇಲೆ. ಮನುಷ್ಯರು ನೆನಪಾದದ್ದು ಇನ್ನೂ ಆಮೇಲೆ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿದ್ದೆ. ಹೊಲಗಳು ಬಿಸಿಲಿನಲ್ಲಿ ನೀರಿನ ಹಾಗೆ ಅಲುಗುತ್ತಿದ್ದವು. ಥಟ್ಟನೆ ಎಚ್ಚರವಾಯಿತು. ನನ್ನ ಶೆಡ್ಡಿನ ಪಕ್ಕದ ಹೋಟೆಲಿನ ಅಡುಗೆಯವನು ನೇಪಾಳದವನಲ್ಲವೇ?

ಅವನು ಮೊದಲು ಅರಸೀಕೆರೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದವನು. ಹಳೇಬೀಡಿಗೆ ಬಂದು ಒಂಬತ್ತು ವರ್ಷವಾಗಿತ್ತು. ಕೊಬ್ಬರಿ ಮೂಟೆ ಹೊರುವವರ ಜೊತೆ ಇದ್ದು ಕನ್ನಡ ಕಲಿತದ್ದರಿಂದ ಅವನ ಮಾತು ನಮ್ಮ ಮಾತಿಗಿಂತ ಹಳ್ಳಿಯದಾಗಿತ್ತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ನಮ್ಮ ಮನೆಗೆ ಬಂದು ಮುದ್ದೆ ತಿನ್ನುತ್ತಿದ್ದ. "ನಮ್ಮವ್ವನೂ ಇದೇ ರಾಗೀಲಿ ಇದೇ ತರ ಮಾಡ್ತಾಳೆ ಅಣ್ಣ, ಹೆಸರು ಬೇರೆ ಅಷ್ಟೆ" ಅನ್ನುತ್ತಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದದ್ದು ಆ ತಾಯಿ ಒಬ್ಬಳೇ.

ನಾನು ಹೋದಾಗ ಅವನು ಈರುಳ್ಳಿ ಹೆಚ್ಚುತ್ತಿದ್ದ. ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ.

"ಹತ್ತೋದೇ ಇಲ್ಲ ಅಣ್ಣ" ಅಂದ. "ಆಗ್ಲಿಂದ ಹೊಡೀತಾನೇ ಇವ್ನಿ."

ನಾಲ್ಕು ದಿನ ಹಾಗೇ ಕಳೆಯಿತು. ಅವನು ಅಡುಗೆ ಬಿಡಲಿಲ್ಲ. ಸಾರಿಗೆ ಒಮ್ಮೆ ಉಪ್ಪು ಇರುತ್ತಿರಲಿಲ್ಲ, ಒಮ್ಮೆ ಎರಡು ಸಲ ಬಿದ್ದಿರುತ್ತಿತ್ತು. ಊರಿನವರು ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಐದನೆಯ ದಿನ, ಯಾವುದೋ ದೂರದೇಶದಲ್ಲಿ ಕೂಲಿ ಮಾಡುತ್ತಿದ್ದ ಅವನ ಊರಿನವನೊಬ್ಬ ಫೋನ್ ಮಾಡಿದ. ಇವನು ಫೋನ್ ಇಟ್ಟು ಒಲೆ ಆರಿಸಿದ. ಆಮೇಲೆ ನನ್ನ ಶೆಡ್ಡಿಗೆ ಬಂದು ಕಲ್ಲಿನ ಪುಡಿಯ ಮೇಲೇ ಕೂತ.

"ಅವ್ವ ಅವ್ಳೆ" ಅಂದ. "ಮನೆ ಇಲ್ಲ. ಊರಲ್ಲಿ ಯಾರ ಮನೇನೂ ಇಲ್ವಂತೆ."

ಅವನು ಹೊರಡುವುದೆಂದಾಯಿತು. ಆ ಸಂಜೆ ನನ್ನ ಹೆಂಡತಿ ಹೇಳಿದಳು: "ನೀವೂ ಜೊತೆಗೆ ಹೋಗ್ಬನ್ನಿ ಕಣ್ರೀ. ಈ ಮನುಷ್ಯನ್ನ ಒಬ್ಬನ್ನೇ ಕಳಿಸಿದ್ರೆ ಯಾವುದೋ ಸ್ಟೇಷನ್ನಲ್ಲಿ ಇಳಿದು ಅಲ್ಲೇ ಕೂತುಬಿಡ್ತಾನೆ."

"ನಾನು ಹೋಗಿ ಏನು ಮಾಡ್ಲಿ?"

"ಕಲ್ಲು ಎತ್ತೋಕೆ ಬರಲ್ವ ನಿಮಗೆ?"

ಅಟ್ಟದ ಮೇಲೆ ನಮ್ಮಪ್ಪನ ಚೀಲವಿತ್ತು. ಅವರು ಜಾವಗಲ್ಲಿನಲ್ಲಿ ಒರಳು, ಬೀಸುವ ಕಲ್ಲು ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ಹಿಟ್ಟಿನ ಗಿರಣಿ, ಮಿಕ್ಸಿ ಬಂದಮೇಲೆ ಆ ಕಸುಬು ನಿಂತುಹೋಯಿತು. ನಾನು ಉಗುರಿನಿಂದಲೂ ಗೀರಬಹುದಾದ ಮೆತ್ತನೆಯ ಕಲ್ಲಿಗೆ ಬಂದೆ. ಪ್ರವಾಸಿಗರು ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ಶಿಲ್ಪಿ ಎಂದುಬಿಡುತ್ತಿದ್ದೆ. ಬಿದ್ದ ಗೋಡೆ ಒಡೆಯಲು ಬೇಕಾದೀತೆಂದು ಗಟ್ಟಿ ಕಲ್ಲು ಕೆತ್ತುವ ಅವರ ಸುತ್ತಿಗೆ, ಉಳಿಗಳನ್ನು ಇಳಿಸಿಕೊಂಡೆ.

ಅರಸೀಕೆರೆಯಲ್ಲಿ ರೈಲಿಗೆ ಮೊದಲು ಕೊಬ್ಬರಿ ಮಂಡಿಗೆ ಹೋದೆವು. ಅವನನ್ನು ಮೊದಲಿಂದ ಬಲ್ಲ ವ್ಯಾಪಾರಿಯೊಬ್ಬರು ಕೊಬ್ಬರಿ ಹರಡುವ ಎರಡು ಟಾರ್ಪಾಲು, ಒಂದು ಹೊರೆ ತೆಂಗಿನ ನಾರಿನ ಹಗ್ಗ ತೆಗೆಸಿ ಇಟ್ಟಿದ್ದರು.

"ನಿಮ್ಮ ಕಡೆ ಮಳೆ ಯಾವಾಗ ಹಿಡಿತೈತೆ?" ಎಂದು ಕೇಳಿದರು.

"ಇನ್ನೊಂದು ತಿಂಗ್ಳು, ಒಂದೂವರೆ ತಿಂಗ್ಳು ಸ್ವಾಮಿ."

ಅವರು ಸ್ವಲ್ಪ ಹೊತ್ತು ಆಕಾಶ ನೋಡಿದರು. "ಹಂಗಾದ್ರೆ ಇನ್ನೊಂದು ತಗಂಡೋಗ್ರಪ್ಪ" ಎಂದು ಅಂಗಳದಲ್ಲಿ ಹರಡಿದ್ದ ಕೊಬ್ಬರಿಯನ್ನು ಒಂದು ಕಡೆ ಗುಡ್ಡೆ ಮಾಡಿಸಿ, ಅದರಡಿಯ ಟಾರ್ಪಾಲನ್ನೂ ಮಡಿಸಿಕೊಟ್ಟರು.

ದಾರಿಯುದ್ದಕ್ಕೂ ನಮ್ಮ ಗಂಟಿನಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ಬೆಂಗಳೂರಿನಲ್ಲಿ ರೈಲು ಬದಲಾಯಿಸಿದ ಮೇಲೆ ದಿನಗಳ ಲೆಕ್ಕ ತಪ್ಪಿತು. ಎಚ್ಚರವಾದಾಗಲೆಲ್ಲ ಕಿಟಕಿಯಾಚೆ ಬೇರೊಂದು ಬಣ್ಣದ ಮಣ್ಣು. ಕೆಂಪು ಕಪ್ಪಾಯಿತು, ಕಪ್ಪು ಬೂದಿಯಾಯಿತು. ಅಗಲವಾದ ಒಣ ನದಿಯೊಂದರಲ್ಲಿ ಹೆಂಗಸರು ಕಲ್ಲಂಗಡಿ ಬಳ್ಳಿಗೆ ನೀರು ಹಾಕುತ್ತಿದ್ದರು. ಎದುರಿನ ಸೀಟಿನಲ್ಲಿ ಅವನು ನಿದ್ದೆಯಲ್ಲಿ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ. ಒಂಬತ್ತು ವರ್ಷದಲ್ಲಿ ಆ ಭಾಷೆಯನ್ನು ಅವನ ಬಾಯಿಂದ ನಾನು ಅಷ್ಟು ಹೊತ್ತು ಕೇಳಿರಲಿಲ್ಲ. ಬಿಹಾರದವರಂತೆ ಕಾಣುತ್ತಿದ್ದ ಮುದುಕರೊಬ್ಬರು ನಮ್ಮ ಟಾರ್ಪಾಲಿನ ಗಂಟು ನೋಡಿ ಏನೂ ಕೇಳದೆ ತಮ್ಮ ಕೆಳಗಿನ ಬರ್ತನ್ನು ಬಿಟ್ಟುಕೊಟ್ಟರು.

ಗಡಿ ದಾಟಿದ ಮೇಲೆ ಬಸ್ಸು, ಆಮೇಲೆ ಲಾರಿ, ಆಮೇಲೆ ಅರ್ಧ ದಿನ ನಡಿಗೆ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಎಲ್ಲವೂ ಹಸಿರು, ಹೂ ಬಿಟ್ಟ ಗಿಡಗಳು, ಹಕ್ಕಿಗಳು. ಕಣ್ಣು ಕಿರಿದು ಮಾಡಿ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಊರು ಇರಬೇಕಾದ ಜಾಗದಲ್ಲಿ ಕಲ್ಲಿನ ಗುಡ್ಡೆಗಳಿದ್ದವು. ಒಂದೊಂದು ಗುಡ್ಡೆಯ ತುದಿಯಲ್ಲೂ ಬಾಗಿಲಿನ ಚೌಕಟ್ಟು, ಮಂಚದ ಕಾಲು, ಒಂದು ಬಣ್ಣದ ಕೊಡೆ.

ಅವನ ತಾಯಿ ಹೊಲದ ಬದುವಿನ ಮೇಲೆ ಕೂತಿದ್ದಳು. ಮಗನನ್ನು ಕಂಡು ಅಳಲಿಲ್ಲ. ಅವನ ಕೆನ್ನೆ, ಕಿವಿ, ತಲೆ ಎಲ್ಲ ಮುಟ್ಟಿ ನೋಡಿದಳು. ನನ್ನ ಕೈಯನ್ನೂ ಹಿಡಿದು ಅಂಗೈ ತಿರುಗಿಸಿ ನೋಡಿ ಏನೋ ಹೇಳಿದಳು.

"ಏನಂತೆ?" ಎಂದು ಕೇಳಿದೆ.

"ಕೆಲಸ ಮಾಡೋ ಕೈ ಅಂತಾಳೆ."

ಮೊದಲ ಕೆಲವು ದಿನ ನಾವು ಬಿದಿರು ಕಡಿದು, ಅರಸೀಕೆರೆಯ ಹಗ್ಗದಲ್ಲಿ ಕಟ್ಟಿ, ಮೂರು ಟಾರ್ಪಾಲುಗಳಿಗೆ ಮೂರು ಚಪ್ಪರ ಮಾಡಿದೆವು. ಒಂದೊಂದರಲ್ಲೂ ಎರಡು ಮೂರು ಮನೆಯವರು ಸೇರಿಕೊಂಡರು. ಆಮೇಲೆ ಕಲ್ಲು ಸರಿಸುತ್ತ ಹೋದೆವು. ಕಲ್ಲಿನಡಿಯಿಂದ ರಾಗಿ ಸಿಕ್ಕಿತು. ಕಾಳು ತುಂಬಿಡುವ ಮಣ್ಣಿನ ವಾಡೆಗಳು ಒಡೆದಿದ್ದರೂ ರಾಗಿ ಹಾಳಾಗಿರಲಿಲ್ಲ. ಹೆಂಗಸರು ಅದನ್ನು ಕೇರಿ, ಬಟ್ಟೆಯ ಮೇಲೆ ಒಣಹಾಕಿದರು. ಒಣಗಿದ ಕಾಳನ್ನು ಚೀಲಕ್ಕೆ ತುಂಬಿದರು. ಯಾರೂ ಅದನ್ನು ಅಡುಗೆಗೆ ತೆಗೆಯಲಿಲ್ಲ. ಪರಿಹಾರಕ್ಕೆಂದು ಬಂದಿದ್ದ ಅಕ್ಕಿ, ನೂಡಲ್ಸ್ ಪೊಟ್ಟಣಗಳೇ ಮೂರು ಹೊತ್ತೂ. ಮುದುಕಿ ಅದನ್ನು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು.

"ರಾಗಿ ಇದೆಯಲ್ಲ, ಮುದ್ದೆ ಮಾಡಬಾರದೇ?" ಎಂದು ಕೇಳಿದೆ.

ಅವನು ತಾಯಿಯನ್ನು ಕೇಳಿದ. ಅವಳು ಕೈಯನ್ನು ಗಾಳಿಯಲ್ಲಿ ದುಂಡಗೆ ತಿರುಗಿಸಿ, ಆಮೇಲೆ ಎರಡೂ ಕೈ ಬಿಚ್ಚಿ ತೋರಿಸಿದಳು. ನನಗೆ ಅನುವಾದ ಬೇಕಾಗಲಿಲ್ಲ. ಹಳ್ಳದ ನೀರಿನಿಂದ ತಿರುಗುತ್ತಿದ್ದ ಗಿರಣಿ ಗುಡ್ಡ ಕುಸಿದು ಹೂತುಹೋಗಿತ್ತು. ಮನೆಮನೆಯ ಬೀಸುವ ಕಲ್ಲುಗಳು ಗೋಡೆಯಡಿ ಸಿಕ್ಕಿ ಒಡೆದಿದ್ದವು.

ಅಂದು ಸಂಜೆ ನಾನು ನಮ್ಮಪ್ಪನ ಚೀಲ ಬಿಚ್ಚಿದೆ. ಬೀಸುವ ಕಲ್ಲು ಮಾಡಿ ಮೂವತ್ತು ವರ್ಷದ ಮೇಲಾಗಿತ್ತು. ಹುಡುಗನಾಗಿದ್ದಾಗ ಅವರ ಎದುರು ಕೂತು ಮಾಡಿದ್ದಷ್ಟೇ. ತಲೆಗೆ ಮರೆತಿತ್ತು. ಸುತ್ತಿಗೆ ಹಿಡಿದ ಮೇಲೆ ಕೈಗೆ ಒಂದೊಂದಾಗಿ ನೆನಪಾಯಿತು: ಉಳಿ ಎಷ್ಟು ಓರೆಯಾಗಿ ಹಿಡಿಯಬೇಕು, ಯಾವ ಸದ್ದು ಬಂದರೆ ಕಲ್ಲು ಒಳಗೇ ಸೀಳಿದೆ ಎಂದು ಅರ್ಥ. ಉಳಿ ಮೊಂಡಾದಾಗಲೆಲ್ಲ ಆ ಊರಿನ ಕಮ್ಮಾರ ತನ್ನ ಬಿದ್ದ ಮನೆಯ ಎದುರು ಇದ್ದಿಲು ಹೊತ್ತಿಸಿ ಹರಿತ ಮಾಡಿಕೊಡುತ್ತಿದ್ದ. ಅವನ ಭಾಷೆ ನನಗೆ, ನನ್ನದು ಅವನಿಗೆ ಒಂದು ಮಾತೂ ಬರುತ್ತಿರಲಿಲ್ಲ. ಉಳಿಯ ತುದಿಯನ್ನು ಬೆಳಕಿಗೆ ಹಿಡಿದು ಅವನು ಹುಬ್ಬು ಏರಿಸುತ್ತಿದ್ದ, ನಾನು ತಲೆ ಅಲ್ಲಾಡಿಸುತ್ತಿದ್ದೆ.

ಹೊಸ ಕಲ್ಲೊಂದನ್ನು ಪೂರ್ತಿ ಮಾಡಲು ಮೂರು ದಿನ ಹಿಡಿಯಿತು. ಹೀಗಾದರೆ ಮಳೆಗಾಲದ ಒಳಗೆ ಮುಗಿಯುವುದಿಲ್ಲ ಅನ್ನಿಸಿತು. ಆಗ ಊರಿನ ಒಡೆದ ಕಲ್ಲುಗಳನ್ನೆಲ್ಲ ಒಂದು ಕಡೆ ತರಲು ಹೇಳಿದೆ. ಹುಲ್ಲಿನ ಮೇಲೆ ಸಾಲಾಗಿ ಇಟ್ಟರು. ನೋಡಿದರೆ ಒಂದು ಮನೆಯದರಲ್ಲಿ ಕೆಳಗಿನ ಕಲ್ಲು ಮಾತ್ರ ಒಡೆದಿದೆ, ಇನ್ನೊಂದರಲ್ಲಿ ಮೇಲಿನದು ಮಾತ್ರ. ಒಂದರ ಮೇಲೆ ಒಂದನ್ನು ಇಟ್ಟು ತಿರುಗಿಸಿ, ಎಲ್ಲಿ ತಾಗುತ್ತದೋ ಅಲ್ಲಿ ತೆಗೆದು, ಸವೆದ ಮುಖಕ್ಕೆ ಕಾಳು ನುರಿಯುವಂತೆ ಉಳಿಯಿಂದ ಹೊಸದಾಗಿ ಚುಕ್ಕಿ ಹೊಡೆದರೆ ಜೋಡಿ ಕೂಡುತ್ತಿತ್ತು. ಬೆಳಗಿನ ಮಂಜು ಇನ್ನೂ ಸರಿದಿರುತ್ತಿರಲಿಲ್ಲ. ಆ ಬಿಳುಪಿನಲ್ಲಿ ದುಂಡು ಕಲ್ಲುಗಳ ನಡುವೆ ಕೂತು ಯಾವುದು ಯಾವುದಕ್ಕೆ ಹೊಂದುತ್ತದೆಂದು ನೋಡುತ್ತಿದ್ದರೆ, ನಾನು ಎಲ್ಲಿದ್ದೇನೆ, ಯಾವ ಕಾಲದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಜಾವಗಲ್ಲಿನ ನಮ್ಮ ಅಂಗಳದಲ್ಲೇ ಇದ್ದೇನೆ, ಈಗ ಅಮ್ಮ ಕರೆಯುತ್ತಾಳೆ ಅನ್ನಿಸುತ್ತಿತ್ತು.

ಒಂದು ದಿನ ಮೂರು ಮಕ್ಕಳ ತಾಯಿಯೊಬ್ಬಳ ಕೆಳಗಿನ ಕಲ್ಲಿಗೆ ಸರಿಯಾದ ಮೇಲಿನ ಕಲ್ಲು ಸಿಕ್ಕಿತು. ಎತ್ತಿ ಕೊಡಲು ಹೋದರೆ ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಅದು ತುದಿ ಮನೇದು ಅಣ್ಣ" ಎಂದು ಅವನು ಮೆಲ್ಲಗೆ ಹೇಳಿದ. "ಆ ಮನೇಲಿ ಯಾರೂ ಉಳೀಲಿಲ್ಲ."

ನಾನು ಕಲ್ಲನ್ನು ಕೆಳಗಿಟ್ಟೆ. ಆಗ ಅವನ ತಾಯಿ ಎದ್ದು ಬಂದಳು. ಸೆರಗಿನಿಂದ ಆ ಕಲ್ಲನ್ನು ಒರೆಸಿದಳು. ಹೆಂಗಸಿಗೆ ನಾಲ್ಕು ಮಾತು ಹೇಳಿದಳು. ಹೆಂಗಸು ಬಗ್ಗಿ ಕಲ್ಲನ್ನು ಮಗುವನ್ನು ಎತ್ತಿಕೊಂಡಂತೆ ಎದೆಗೆ ಎತ್ತಿಕೊಂಡಳು.

"ನಿಮ್ಮವ್ವ ಏನಂದ್ರು?"

"ಬದುಕಿದ್ದಾಗ ನೀನು ಹೋಗಿ ಕೇಳಿದ್ರೆ ಆ ಮನೆಯೋಳು ಇಲ್ಲ ಅಂತಿದ್ಲಾ ಅಂತ ಕೇಳಿದ್ಲು."

ನೆಲ ಮತ್ತೊಮ್ಮೆ ಜೋರಾಗಿ ಅಲುಗಿದ್ದು ಅದೇ ವಾರ. ನಡು ಮಧ್ಯಾಹ್ನ, ನಾವೆಲ್ಲ ಬಯಲಿನಲ್ಲಿದ್ದೆವು. ನನ್ನ ಎದುರಿನ ಕಲ್ಲುಗಳು ತಮ್ಮಷ್ಟಕ್ಕೆ ಒಂದಕ್ಕೊಂದು ತಾಗಿ ಟಕಟಕ ಅಂದವು. ಕೂತಲ್ಲೇ ದೋಣಿಯಲ್ಲಿದ್ದಂತಾಯಿತು. ಕಣಿವೆಯಾಚೆಯ ಬೆಟ್ಟದಿಂದ ಧೂಳು ಹೊಗೆಯ ಹಾಗೆ, ಸದ್ದಿಲ್ಲದೆ, ತುಂಬ ನಿಧಾನವಾಗಿ ಏಳುವುದು ಕಂಡಿತು. ಸದ್ದು ಎಷ್ಟೋ ಹೊತ್ತಿನ ಮೇಲೆ ಬಂತು. ಜನ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಮುದುಕಿ ಮಾತ್ರ ಅಂಗೈಯನ್ನು ನೆಲದ ಮೇಲೆ ಊರಿ, ಬೆದರಿದ ಕರುವನ್ನು ಸವರುವಂತೆ ಸವರುತ್ತಿದ್ದಳು. ಏನೋ ಹೇಳುತ್ತಲೂ ಇದ್ದಳು. ಅದನ್ನು ಅವನು ಅನುವಾದಿಸಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕೈಯಲ್ಲಿ ಉಳಿ ಹಾಗೇ ಇತ್ತು. ಭಯ ಬಂದದ್ದು ಎಲ್ಲ ನಿಂತ ಮೇಲೆ. ಅಲ್ಲೇ ಹುಲ್ಲಿನ ಮೇಲೆ ಮಲಗಿಬಿಟ್ಟೆ. ಅವನು ಬಂದು ಪಕ್ಕದಲ್ಲಿ ಮಲಗಿದ. ಇಬ್ಬರೂ ಮೋಡ ನೋಡಿದೆವು.

ನಾನು ಹೊರಡುವ ಹೊತ್ತಿಗೆ ಏಳು ಜೋಡಿ ತಿರುಗುತ್ತಿದ್ದವು. ಹೊರಡುವ ದಿನ ಬೆಳಗ್ಗೆ ಎಚ್ಚರವಾದಾಗ ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅಲ್ಲಲ್ಲಿಂದ ಬೀಸುವ ಸದ್ದು ಮಾತ್ರ ಬರುತ್ತಿತ್ತು. ಒಂದು ದಪ್ಪ, ಒಂದು ಸಣ್ಣ, ಒಂದು ಮಧ್ಯೆ ಮಧ್ಯೆ ತಡೆದು. ಮುದುಕಿ ತಾಮ್ರದ ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ನಮ್ಮದಕ್ಕಿಂತ ಮೆದು, ದುಂಡಗೆ ಕಟ್ಟಿರಲಿಲ್ಲ. ನಾನು ನಮ್ಮ ಕಡೆಯಂತೆ ಅಗಿಯದೆ ನುಂಗುವುದನ್ನು ನೋಡಿ ಅವಳೂ ಹಾಗೇ ನುಂಗಿದಳು. ಎದುರು ಕೂತು, ನಾನು ಬೇಡವೆನ್ನುವವರೆಗೂ ಬಡಿಸಿದಳು.

ಅಡುಗೆಯವನು ಲಾರಿ ಸಿಗುವ ರಸ್ತೆಯವರೆಗೂ ಬಂದ. ತಾನು ವಾಪಸ್ಸು ಬರುವುದಿಲ್ಲ ಎಂದು ಅಲ್ಲಿ ಹೇಳಿದ.

"ಹೋಟ್ಲಿನೋರಿಗೆ ಹೇಳಿಬಿಡಿ ಅಣ್ಣ. ಅವ್ವನ್ನ ಬಿಟ್ಟು ಬರಕ್ಕಾಗಲ್ಲ ಈಗ."

"ಇನ್ಮೇಲೆ ನಮ್ಮನೆ ಮುದ್ದೆ ಯಾರಿಗೆ ಹಾಕೋದು?"

ಅವನು ನಕ್ಕ. ಬಂದಾಗಿನಿಂದ ಅದೇ ಮೊದಲು ಅವನು ನಕ್ಕದ್ದು.

ಹಳೇಬೀಡಿಗೆ ಬಂದ ಮೇಲೂ ಎಷ್ಟೋ ದಿನ ನನ್ನ ಕಾಲಡಿಯ ನೆಲ ನಂಬಿಕೆಗೆ ಬರಲಿಲ್ಲ. ಮಧ್ಯಾಹ್ನ ದೇವಸ್ಥಾನದ ಜಗಲಿಯ ಮೇಲೆ ಒರಗಿದ್ದರೆ ಕಂಬಗಳು ಉಸಿರಾಡಿದಂತೆ ಅನ್ನಿಸುತ್ತಿತ್ತು. ಗೋಡೆಯ ಬುಡದಲ್ಲಿ ಕೆತ್ತಿದ ಸಾಲಾನೆಗಳು ಇನ್ನೇನು ಹೆಜ್ಜೆ ಎತ್ತಿಡುತ್ತವೆ ಅನ್ನಿಸಿ ಎದ್ದು ಕೂರುತ್ತಿದ್ದೆ. ಹೆಂಡತಿಗೆ ಹೇಳಿದರೆ, "ನಿಂತೋಗುತ್ತೆ ಬಿಡಿ. ಹಡಗಿಂದ ಇಳಿದೋರಿಗೂ ಹಂಗೇ ಆಗುತ್ತಂತೆ" ಅಂದಳು. ಅವಳಿಗೆ ಹಡಗಿನ ವಿಷಯ ಎಲ್ಲಿಂದ ಗೊತ್ತೋ.

ಎರಡು ವರ್ಷದ ಮೇಲೆ ಅವನ ತಾಯಿ ಹೊಸ ಮನೆಯಲ್ಲೇ, ನಿದ್ದೆಯಲ್ಲಿ, ತೀರಿಕೊಂಡಳು. ಅವನು ಈಗ ಆ ಲಾರಿ ರಸ್ತೆಯ ಪಕ್ಕ ಚಹಾದ ಅಂಗಡಿ ಇಟ್ಟಿದ್ದಾನೆ, ಮದುವೆಯಾಗಿದ್ದಾನೆ. ಆಗಾಗ ವಿಡಿಯೋ ಕಾಲ್ ಮಾಡುತ್ತಾನೆ. ಅವನ ಕನ್ನಡ ಸ್ವಲ್ಪ ಸ್ವಲ್ಪವೇ ಸವೆಯುತ್ತಿದೆ, ಪದ ಸಿಗದೆ ನಡುವೆ ನಿಲ್ಲುತ್ತಾನೆ. ಹೋದ ತಿಂಗಳು ಊರೆಲ್ಲ ತೋರಿಸಿದ. ಕರೆಂಟಿನ ಹಿಟ್ಟಿನ ಗಿರಣಿ ಬಂದಿದೆ. ಬೀಸುವ ಕಲ್ಲನ್ನು ಈಗ ಯಾರೂ ಮುಟ್ಟುವುದಿಲ್ಲ. ಒಂದರ ಮೇಲೆ ಯಾರೋ ಹೂವಿನ ಕುಂಡ ಇಟ್ಟಿದ್ದರು.

"ಬೇಜಾರಾಯ್ತಾ ಅಣ್ಣ?" ಅಂದ.

"ಇಲ್ಲ ಕಣಯ್ಯ, ಒಳ್ಳೇದೇ ಆಯ್ತು" ಅಂದೆ. ನಿಜವಾಗಿಯೂ ಬೇಜಾರಾಗಿರಲಿಲ್ಲ. ಹೆಂಗಸರ ತೋಳಿಗೆ ಬಿಡುವಾಯಿತಲ್ಲ ಅನ್ನಿಸಿತ್ತು. ಅಷ್ಟರಲ್ಲಿ ಅವನ ಹೆಂಡತಿ ಹಿಂದಿನಿಂದ ಬಂದು ಫೋನು ಕಸಿದುಕೊಂಡು, ಅವನು ಹೇಳಿಕೊಟ್ಟಿದ್ದ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು:

"ಊಟ ಆಯ್ತಾ?"

ಆಗಿದೆ ಎಂದೆ.